ಬೈಕ್ ಎಂಜಿನ್ ಆಯಿಲ್ ಸೋರಿಕೆ: ಮೊದಲು ಜಾಗ ಹಿಡಿಯಿರಿ, ಸ್ಪ್ಯಾನರ್ ಆಮೇಲೆ

ಆಯಿಲ್ ಸೋರುವ ಬೈಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಸೋರುವ ಜಾಗ ಹುಡುಕುವುದರಲ್ಲೇ ಇದೆ. ಜಾಗ ಸಿಕ್ಕಿದ ಮೇಲೆ ಹೆಚ್ಚಿನ ಸಲ ಬೇಕಾಗುವುದು ಒಂದು ರಬ್ಬರ್ ರಿಂಗ್, ಒಂದು ಪ್ಯಾಕಿಂಗ್ (ಗ್ಯಾಸ್ಕೆಟ್), ಇಲ್ಲವೇ ಒಂದು ಆಯಿಲ್ ಸೀಲ್. ಹತ್ತಿಪ್ಪತ್ತು ರೂಪಾಯಿಯಿಂದ ಶುರುವಾಗುವ ಸಾಮಾನು ಇವು. ಆದರೂ ಎಂಜಿನ್ ಕೆಳಗೆ ಕಪ್ಪು ಹನಿ ಕಂಡ ಕೂಡಲೇ ಜನ ಹೆದರುತ್ತಾರೆ. ‘ಎಂಜಿನ್ ಬಿಚ್ಚಬೇಕಂತೆ’ ಎನ್ನುವ ಮಾತು ಕಿವಿಗೆ ಬಿದ್ದರಂತೂ ಬೈಕ್ ಮಾರಿಬಿಡೋಣ ಅನ್ನಿಸುತ್ತದೆ.

ಆ ಹೆದರಿಕೆ ಕಡಿಮೆ ಮಾಡಲು ಸೋರಿಕೆಯ ಒಳಗುಟ್ಟನ್ನು ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ನಮ್ಮ ಊರುಗಳಲ್ಲಿ ಮನೆಮನೆಯಲ್ಲೂ ಕಾಣುವ 100 ಸಿಸಿ ಬೈಕ್‌ನ್ನೇ ತೆಗೆದುಕೊಳ್ಳೋಣ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಜೊತೆ ಇಲ್ಲಿಗೆ ಬಂದು, 1994ರಿಂದ ಸ್ಪ್ಲೆಂಡರ್‌ನಲ್ಲಿ ಮುಂದುವರಿದ 97.2 ಸಿಸಿಯ, ಮುಂದಕ್ಕೆ ಮಲಗಿದಂತಿರುವ ಆ ಎಂಜಿನ್ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಭಾಗಗಳು ಕಡಿಮೆ, ಕೈ ಹೋಗಲು ಜಾಗ ಇದೆ, ಸ್ಪೇರ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ನಿಮ್ಮ ಬೈಕ್ ಬೇರೆಯದಾದರೂ ಒಂದೇ ಸಿಲಿಂಡರ್‌ನ ಫೋರ್ ಸ್ಟ್ರೋಕ್ ಆಗಿದ್ದರೆ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅದಕ್ಕೂ ಹೊಂದುತ್ತದೆ.

ಇಂಥ ಬೈಕ್‌ಗಳಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಇನ್ನೊಂದು ಅಂತ ಇಲ್ಲ. ಪಿಸ್ಟನ್, ಕ್ರ್ಯಾಂಕ್, ಕ್ಲಚ್, ಗೇರ್ ಎಲ್ಲದಕ್ಕೂ ಒಂದೇ ಆಯಿಲ್. ಒಟ್ಟು ಹಿಡಿಸುವುದು ಸುಮಾರು ಒಂದು ಲೀಟರ್. ಇಷ್ಟು ಕಡಿಮೆ ಇರುವುದರಿಂದ ಕಾಲು ಲೀಟರ್ ಸೋರಿಹೋದರೂ ಅದು ದೊಡ್ಡ ನಷ್ಟವೇ. ಆಯಿಲ್ ಕಡಿಮೆಯಾದಾಗ ಮೊದಲು ಪೆಟ್ಟು ತಿನ್ನುವುದು ಮೇಲೆ ಹೆಡ್‌ನಲ್ಲಿ, ಅಂದರೆ ಸಿಲಿಂಡರ್‌ನ ತಲೆಭಾಗದಲ್ಲಿ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮತ್ತು ರಾಕರ್‌ಗಳು. ಟಕಟಕ ಸದ್ದು ಶುರುವಾಗುವ ಹೊತ್ತಿಗೆ ಅವು ಸವೆಯಲು ತೊಡಗಿರುತ್ತವೆ. ಹಾಗಾಗಿ ಹುಡುಕುವ ಮೊದಲು ಲೆವೆಲ್ ನೋಡಿ, ಕಡಿಮೆಯಿದ್ದರೆ ತುಂಬಿಸಿ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ, ಇನ್ನೂ ಎರಡು ಮೂರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆಯಿರಿ. ಒರೆಸಿ ವಾಪಸ್ ಇಡುವಾಗ ತಿರುಪಬೇಡಿ, ಸುಮ್ನೆ ತೂತಿನ ಮೇಲೆ ಕೂರಿಸಿ ಎತ್ತಿ ನೋಡಿ. ಈ ಎಂಜಿನ್‌ನಲ್ಲಿ ಗುರುತು ಲೆಕ್ಕಕ್ಕೆ ಬರುವುದು ಹಾಗೆ ನೋಡಿದಾಗ ಮಾತ್ರ.

ಲೆವೆಲ್ ಮೇಲಿನ ಗುರುತಿಗಿಂತ ಜಾಸ್ತಿ ಇದ್ದರೆ? ಅದೂ ಸೋರಿಕೆಗೆ ಒಂದು ಕಾರಣ. ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಪೆಟ್ಟಿಗೆ) ಒಳಗಿನ ಗಾಳಿ ಒತ್ತಿಕೊಳ್ಳುತ್ತದೆ. ರಿಂಗ್‌ಗಳ ಪಕ್ಕದಿಂದ ಸ್ವಲ್ಪ ಸುಟ್ಟ ಗಾಳಿಯೂ ಅಲ್ಲಿಗೆ ಇಳಿಯುತ್ತದೆ. ಆ ಒತ್ತಡ ಹೊರಗೆ ಹೋಗಲೆಂದೇ ಬ್ರೀದರ್ ಪೈಪ್ ಇದೆ. ಕುಕ್ಕರ್‌ನ ವಿಷಲ್ ತೂತಿಗೆ ಬೇಳೆ ಸಿಕ್ಕಿಕೊಂಡರೆ ಗ್ಯಾಸ್ಕೆಟ್ ಸಂದಿನಿಂದ ನೀರು ಉಕ್ಕುತ್ತದಲ್ವಾ, ಇಲ್ಲೂ ಅದೇ ಕತೆ. ಬ್ರೀದರ್ ಪೈಪ್ ಮಡಚಿಕೊಂಡಿದ್ದರೆ, ಒಳಗೆ ಕೆಸರು ಕಟ್ಟಿದ್ದರೆ, ಅಥವಾ ಆಯಿಲ್ ಜಾಸ್ತಿ ತುಂಬಿ ಗಾಳಿಗೆ ಜಾಗ ಕಡಿಮೆಯಾಗಿದ್ದರೆ, ಒತ್ತಡ ಅತಿ ದುರ್ಬಲವಾದ ಸೀಲ್ ಹುಡುಕಿಕೊಂಡು ಅಲ್ಲಿಂದ ಆಯಿಲ್ ಹೊರಗೆ ತಳ್ಳುತ್ತದೆ. ಸೀಲ್ ಬದಲಾಯಿಸಿದ ಎರಡೇ ತಿಂಗಳಿಗೆ ಮತ್ತೆ ಸೋರಿತು ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಈ ಪೈಪ್ ಇರುತ್ತದೆ. ಬಿಚ್ಚಿ, ಊದಿ ನೋಡಲು ಐದು ನಿಮಿಷ ಸಾಕು. ದುಡ್ಡೂ ಬೇಡ. ಯಾಕೋ ಇದನ್ನು ನೋಡುವವರೇ ಕಡಿಮೆ.

ಸೋರುವ ಜಾಗ ಹುಡುಕುವುದು ಹೇಗೆ

ಆಯಿಲ್ ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಕೆಳಕ್ಕೆ ಜಾರುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ, ಫಿನ್‌ಗಳ ನಡುವೆ ಅಡ್ಡ ಹರಿಯುತ್ತದೆ. ಹೆಡ್‌ನ ಮುಚ್ಚಳವಾದ ಟ್ಯಾಪೆಟ್ ಕ್ಯಾಪ್‌ನಿಂದ ಹೊರಟಿದ್ದು, ಆಯಿಲ್ ಇಳಿಸಲು ಎಂಜಿನ್ ತಳದಲ್ಲಿರುವ ಡ್ರೈನ್ ಬೋಲ್ಟ್ ತುದಿಯಲ್ಲಿ ಹನಿಯಾಗಿ ತೂಗುತ್ತದೆ. ಹನಿ ಬೀಳುವ ಜಾಗ ನೋಡಿ ಡ್ರೈನ್ ಬೋಲ್ಟ್‌ನ್ನು ಬಿಗಿ ಮಾಡಿ, ಇನ್ನೂ ಬಿಗಿ ಮಾಡಿ, ಕೊನೆಗೆ ಥ್ರೆಡ್ ಹಾಳು ಮಾಡಿಕೊಳ್ಳುವವರು ಕಡಿಮೆಯೇನಿಲ್ಲ.

ಆದ್ದರಿಂದ ಮೊದಲು ತೊಳೆಯಿರಿ. ಎಂಜಿನ್ ತಣ್ಣಗಿರಲಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಕಾರ್ಬ್ಯುರೇಟರ್ ಮತ್ತು ಏರ್ ಫಿಲ್ಟರ್ ಕಡೆ ಪ್ಲಾಸ್ಟಿಕ್ ಕವರ್ ಸುತ್ತಿ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಹಳೆ ಬ್ರಷ್ ಅದ್ದಿ ಜಿಡ್ಡು ಬಿಡಿಸಿ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು. ಪೆಟ್ರೋಲ್ ಬೇಡ, ಅದರ ಆವಿಗೆ ಒಂದು ಸಣ್ಣ ಕಿಡಿ ಸಾಕು. ಪೂರ್ತಿ ಒಣಗಿಸಿ, ತುರುಕಿದ ಬಟ್ಟೆ ಮತ್ತು ಕವರ್ ತೆಗೆದ ಮೇಲೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ತೆಗೆದುಕೊಂಡು ಅನುಮಾನ ಇರುವ ಕಡೆಯೆಲ್ಲ ತೆಳ್ಳಗೆ ಉದುರಿಸಿ. ಹೆಡ್‌ನ ಕ್ಯಾಪ್‌ಗಳ ಸುತ್ತ, ಬಲಗಡೆ ಕ್ಲಚ್ ಕವರ್ ಅಂಚು, ಕಿಕ್ಕರ್ ಶಾಫ್ಟ್, ಎಡಗಡೆ ಗೇರ್ ಶಾಫ್ಟ್, ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಹಿಂಭಾಗ. ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಬನ್ನಿ.

ಈಗ ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಆಯಿಲ್ ಕಂದು ಗೆರೆಯಂತೆ ಎದ್ದು ಕಾಣುತ್ತದೆ. ಆ ಗೆರೆಯನ್ನು ಮೇಲಕ್ಕೆ, ಮುಂದಕ್ಕೆ ಹಿಂಬಾಲಿಸಿ. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದೇ ಸಾಮಾನ್ಯವಾಗಿ ಮೂಲ. ಏನೂ ಕಾಣದಿದ್ದರೆ ಬೈಕ್‌ನ್ನು ರಾತ್ರಿಯಿಡೀ ಡಬಲ್ ಸ್ಟ್ಯಾಂಡ್ ಮೇಲೆ ಬಿಟ್ಟು, ಕೆಳಗೆ ರಟ್ಟು ಹಾಸಿ. ಬಿಸಿಯಿದ್ದಾಗ ಮಾತ್ರ ಸೋರುವುದು ಬೇರೆ, ನಿಂತಾಗ ಸೋರುವುದು ಬೇರೆ. ನಿಂತಾಗ ಹನಿಯುತ್ತಿದ್ದರೆ ಸೋರುವ ಜಾಗ ಹೆಚ್ಚಾಗಿ ಆಯಿಲ್ ಮಟ್ಟದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ.

ಎರಡು ಮೋಸಗಳ ಬಗ್ಗೆ ಎಚ್ಚರ ಇರಲಿ. ಚೈನ್‌ಗೆ ಹಾಕಿದ ಆಯಿಲ್ ಸ್ಪ್ರಾಕೆಟ್ ಕವರ್ ಒಳಗೆ ಸೇರಿ ಅಲ್ಲಿಂದ ಕೆಳಗೆ ಇಳಿಯುತ್ತದೆ. ಅದು ಕಪ್ಪಗೆ, ಮರಳು ಸೇರಿದ ಹಾಗೆ ಕೈಗೆ ಗರಗರ ಅನ್ನುತ್ತದೆ. ಎಂಜಿನ್ ಆಯಿಲ್ ನುಣುಪಾಗಿರುತ್ತದೆ. ಇನ್ನೊಂದು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದು ಹೊರಗೆಲ್ಲ ಒಣಗಿದ್ದರೆ ಅದು ಸೋರಿಕೆಯೇ ಅಲ್ಲ. ಆಯಿಲ್ ಒಳಗೇ ಉರಿಯುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುತ್ತದೆ. ಅದರ ರಿಪೇರಿ ಬೇರೆ ದಾರಿಯದು.

ಎಂಜಿನ್ ಮೇಲೆ ತೆಳ್ಳಗೆ ಧೂಳು ಹಿಡಿದ ಜಿಡ್ಡು ಮಾತ್ರ ಇದ್ದು, ಹನಿ ಬೀಳದೆ, ಲೆವೆಲ್ ಇಳಿಯದೆ ಇದ್ದರೆ ಆತುರ ಬೇಡ. ಹಳೆ ಬೈಕ್ ಅಷ್ಟು ಬೆವರುವುದು ಇದ್ದದ್ದೇ. ಆದರೆ ಆಯಿಲ್ ಹಿಂದಿನ ಟೈರ್ ಮೇಲೆ ಅಥವಾ ಬ್ರೇಕ್ ಡ್ರಮ್ ಹತ್ತಿರ ಕಂಡರೆ ಅವತ್ತೇ ಗಾಡಿ ನಿಲ್ಲಿಸಿ. ಒದ್ದೆ ರಸ್ತೆಯ ತಿರುವಿನಲ್ಲಿ ಟೈರ್ ಅಂಚಿಗೆ ಆಯಿಲ್ ಇದ್ದರೆ ಜಾರುವುದಕ್ಕೆ ಕ್ಷಣ ಸಾಕು.

ಆಯಿಲ್‌ನ್ನು ಒಳಗೆ ಹಿಡಿದಿಡುವುದು ಏನು

ಎಂಜಿನ್‌ನಲ್ಲಿ ಆಯಿಲ್ ಹೊರಬರದಂತೆ ತಡೆಯುವ ಸಾಮಾನು ಮೂರು ನಾಲ್ಕು ಬಗೆಯವು ಅಷ್ಟೆ. ಎರಡು ಚಪ್ಪಟೆ ಲೋಹದ ಮುಖ ಸೇರುವಲ್ಲಿ ಪ್ಯಾಕಿಂಗ್. ಕ್ಯಾಪ್‌ಗಳಿಗೆ ಓ-ರಿಂಗ್. ಡ್ರೈನ್ ಬೋಲ್ಟ್‌ಗೆ ಅಲ್ಯೂಮಿನಿಯಂ ಅಥವಾ ತಾಮ್ರದ ವಾಷರ್. ತಿರುಗುವ ಶಾಫ್ಟ್ ಹೊರಗೆ ಬರುವಲ್ಲಿ ಆಯಿಲ್ ಸೀಲ್. ರಬ್ಬರ್ ಬಿಸಿಗೆ ವರ್ಷಗಟ್ಟಲೆ ಬೆಂದು ಗಟ್ಟಿಯಾಗುತ್ತದೆ. ಬಹಳ ದಿನ ಓಡಿಸದೆ ನಿಲ್ಲಿಸಿದ ಬೈಕ್‌ನಲ್ಲಿ ಸೀಲ್‌ನ ತುಟಿ ಒಣಗುತ್ತದೆ. ಕಾಗದದ ಪ್ಯಾಕಿಂಗ್ ಕುಗ್ಗುತ್ತದೆ. ಊರಿಗೆ ಹೋಗಿ ತಿಂಗಳುಗಟ್ಟಲೆ ನಿಂತ ಬೈಕ್ ತೆಗೆದಾಗ ಸೋರಿಕೆ ಶುರುವಾಗುವುದಕ್ಕೆ ಇದೇ ಕಾರಣ.

ಓ-ರಿಂಗ್ ಮತ್ತು ವಾಷರ್ ಕೆಲಸ ಸುಲಭ. ಟ್ಯಾಪೆಟ್ ಕ್ಯಾಪ್ ಬಿಚ್ಚಿ, ಹಳೆ ಓ-ರಿಂಗ್ ಉಗುರಿನಿಂದ ಒತ್ತಿ ನೋಡಿ. ಚಪ್ಪಟೆಯಾಗಿ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಹೊಸದಕ್ಕೆ ಒಂದು ಹನಿ ಆಯಿಲ್ ಸವರಿ ಕೂರಿಸಿ. ಡ್ರೈನ್ ಬೋಲ್ಟ್ ವಾಷರ್ ಬೋಲ್ಟ್ ಮತ್ತು ಕೇಸ್ ನಡುವೆ ತಾನೇ ನಜ್ಜಾಗಿ ಸಂದು ಮುಚ್ಚುತ್ತದೆ. ಒಮ್ಮೆ ನಜ್ಜಾದ ಮೇಲೆ ಇನ್ನೊಮ್ಮೆ ಅಷ್ಟು ಚೆನ್ನಾಗಿ ಮುಚ್ಚುವುದಿಲ್ಲ. ಆಯಿಲ್ ಬದಲಾಯಿಸುವಾಗಲೆಲ್ಲ ಅದನ್ನೂ ಬದಲಾಯಿಸಿದರೆ ಬೋಲ್ಟ್‌ಗೆ ಜೋರು ಹಾಕುವ ಪ್ರಮೇಯವೇ ಬರುವುದಿಲ್ಲ.

ಆಯಿಲ್ ಸೀಲ್‌ಗೆ ಸ್ವಲ್ಪ ಜಾಸ್ತಿ ಗಮನ ಬೇಕು. ಒಂದು ಹೊಸ ಸೀಲ್ ಕೈಯಲ್ಲಿ ಹಿಡಿದು ನೋಡಿ. ಹೊರಗೆ ರಬ್ಬರ್ ಹೊದಿಸಿದ ಲೋಹದ ಬಳೆ, ಒಳಗೆ ತೆಳುವಾದ ರಬ್ಬರ್ ತುಟಿ, ತುಟಿಯ ಹಿಂದೆ ಕೂದಲೆಳೆಯಂಥ ಸಣ್ಣ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಆ ಸ್ಪ್ರಿಂಗ್ ತುಟಿಯನ್ನು ಶಾಫ್ಟ್‌ಗೆ ಸದಾ ಒತ್ತಿ ಹಿಡಿದಿರುತ್ತದೆ. ಸ್ಪ್ರಿಂಗ್ ಕಾಣುವ ಮುಖ ಯಾವಾಗಲೂ ಆಯಿಲ್ ಇರುವ ಕಡೆಗೆ, ಅಂದರೆ ಎಂಜಿನ್ ಒಳಗಡೆಗೆ ಇರಬೇಕು. ಉಲ್ಟಾ ಹಾಕಿದರೆ ಹೊಸ ಸೀಲ್ ಮೊದಲ ದಿನವೇ ಸೋರುತ್ತದೆ. ಸೀಲ್ ಮೇಲೆ ಮೂರು ಸಂಖ್ಯೆ ಅಚ್ಚಾಗಿರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲವೂ ಮಿಲಿಮೀಟರ್‌ನಲ್ಲಿ. ಅಂಗಡಿಗೆ ಹಳೆ ಸೀಲ್ ತೆಗೆದುಕೊಂಡು ಹೋಗಿ ಸಂಖ್ಯೆ ತಾಳೆ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ‘ಸೇಮ್ ಟು ಸೇಮ್’ ಅಂತ ಕೊಡುವ ಲೋಕಲ್ ಮಾಲೂ ಇರುತ್ತದೆ. ಸೀಲ್ ಮತ್ತು ಪ್ಯಾಕಿಂಗ್ ವಿಷಯದಲ್ಲಿ ಕಂಪನಿ ಮಾಲನ್ನೇ ಕೇಳಿ. ಉಳಿಯುವ ದುಡ್ಡು ತೀರಾ ಕಡಿಮೆ, ಮತ್ತೆ ಬಿಚ್ಚುವ ಶ್ರಮ ಜಾಸ್ತಿ.

ಗೇರ್ ಶಾಫ್ಟ್ ಸೀಲ್ ಬದಲಾಯಿಸುವುದು ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಒಳ್ಳೆಯ ಕೆಲಸ. ಗೇರ್ ಲಿವರ್‌ನ ಬೋಲ್ಟ್ ಪೂರ್ತಿ ಹೊರಗೆ ತೆಗೆದು ಲಿವರ್ ಎಳೆಯಿರಿ. ಬೋಲ್ಟ್ ಶಾಫ್ಟ್‌ನ ಸಣ್ಣ ತೋಡಿನಲ್ಲಿ ಕೂತಿರುತ್ತದೆ, ಸಡಿಲ ಮಾಡಿದರೆ ಮಾತ್ರ ಸಾಲದು. ಎಡಗಡೆ ಸ್ಪ್ರಾಕೆಟ್ ಕವರ್ ತೆಗೆದರೆ ಹೆಚ್ಚಿನ ಬೈಕ್‌ಗಳಲ್ಲಿ ಸೀಲ್ ಕಾಣುತ್ತದೆ. ಸುತ್ತಲಿನ ಮಣ್ಣು ತೆಗೆದು ಶುದ್ಧ ಮಾಡಿ. ಸೀಲ್‌ನ ಲೋಹದ ಭಾಗಕ್ಕೆ ಸಣ್ಣ ಸ್ಕ್ರೂ ಒಂದನ್ನು ಸ್ವಲ್ಪವೇ ತಿರುಪಿ, ಇಕ್ಕಳದಿಂದ ಸ್ಕ್ರೂ ಹಿಡಿದು ನೇರ ಹೊರಗೆ ಎಳೆದರೆ ಸೀಲ್ ಬರುತ್ತದೆ. ಶಾಫ್ಟ್‌ಗೂ ಸೀಲ್ ಕೂರುವ ಗೋಡೆಗೂ ಗೀರು ಬೀಳಬಾರದು, ಇಡೀ ಕೆಲಸದ ಜೀವ ಅಲ್ಲೇ ಇದೆ. ಶಾಫ್ಟ್ ತುದಿಯ ಹಲ್ಲುಗಳಿಗೆ ತೆಳ್ಳಗೆ ಟೇಪ್ ಸುತ್ತಿ. ಇಲ್ಲದಿದ್ದರೆ ಹೊಸ ಸೀಲ್ ತೂರಿಸುವಾಗ ಆ ಹಲ್ಲುಗಳು ತುಟಿ ಕತ್ತರಿಸುತ್ತವೆ. ತುಟಿಗೆ ಆಯಿಲ್ ಸವರಿ, ಕೈಯಿಂದ ಎಷ್ಟು ಹೋಗುತ್ತದೋ ಅಷ್ಟು ತೂರಿಸಿ, ಸೀಲ್‌ನ ಹೊರ ಅಳತೆಗೆ ಸರಿಹೊಂದುವ ಸಾಕೆಟ್ ಅಥವಾ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಹಳೆಯದು ಎಷ್ಟು ಆಳದಲ್ಲಿತ್ತೋ ಅಷ್ಟಕ್ಕೇ ನಿಲ್ಲಿಸಿ. ಕೆಲವು ಎಂಜಿನ್‌ಗಳಲ್ಲಿ ಸೀಲ್‌ನ್ನು ಒಳಗಡೆಯಿಂದ ಕೂರಿಸಿರುತ್ತಾರೆ ಅಥವಾ ಪ್ಲೇಟ್ ಒಂದು ಹಿಡಿದಿರುತ್ತದೆ. ಎಳೆಯುವ ಮೊದಲು ನಿಮ್ಮ ಬೈಕ್‌ನ ಸರ್ವಿಸ್ ಪುಸ್ತಕದ ಚಿತ್ರ ನೋಡಿಕೊಳ್ಳಿ.

ಕ್ಲಚ್ ಕವರ್ ಪ್ಯಾಕಿಂಗ್

ನೋಡಿದರೆ ಎಲ್ಲಕ್ಕಿಂತ ಹೆದರಿಸುವುದು ಈ ಕೆಲಸ, ಯಾಕೆಂದರೆ ಕವರ್ ತೆಗೆದಾಗ ಎಂಜಿನ್‌ನ ಹೊಟ್ಟೆಯೇ ಕಾಣುತ್ತದೆ. ಆದರೆ ಒಳಗಿನ ಯಾವುದನ್ನೂ ನೀವು ಮುಟ್ಟಬೇಕಿಲ್ಲ. ಅರ್ಧ ದಿನ ಇಟ್ಟುಕೊಳ್ಳಿ, ಅವಸರ ಬೇಡ.

ಆಯಿಲ್ ಶುದ್ಧವಾದ ಪಾತ್ರೆಗೆ ಇಳಿಸಿ. ಕಿಕ್ಕರ್, ಕ್ಲಚ್ ಕೇಬಲ್, ಅಡ್ಡ ಬರುವ ಫುಟ್‌ರೆಸ್ಟ್ ಮತ್ತು ಸೈಲೆನ್ಸರ್ ತೆಗೆಯಿರಿ. ಕವರ್‌ನ ಬೋಲ್ಟ್‌ಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಬಿಚ್ಚಿದ ಬೋಲ್ಟ್‌ನ್ನು ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚುತ್ತಾ ಹೋಗಿ. ಗಿಡ್ಡ ಬೋಲ್ಟ್ ಇರಬೇಕಾದ ತೂತಿಗೆ ಉದ್ದದ್ದು ಹಾಕಿದರೆ ಕೇಸ್ ಒಡೆಯುತ್ತದೆ. ಉದ್ದದ ಜಾಗಕ್ಕೆ ಗಿಡ್ಡದ್ದು ಹಾಕಿದರೆ ಎರಡೇ ಥ್ರೆಡ್ ಹಿಡಿದು ಕಿತ್ತುಬರುತ್ತದೆ. ಹಳೆ ಬೈಕ್‌ಗಳಲ್ಲಿ ಪ್ಲಸ್ ಸ್ಕ್ರೂ ಇದ್ದು ಬಿಗಿಯಾಗಿ ಕೂತಿದ್ದರೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಸಾದಾ ಸ್ಕ್ರೂಡ್ರೈವರ್‌ನಲ್ಲಿ ತಲೆ ಸವೆದುಹೋಗುತ್ತದೆ.

ಬೋಲ್ಟ್ ಎಲ್ಲ ತೆಗೆದರೂ ಕವರ್ ಅಂಟಿಕೊಂಡಿರುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ, ದಯವಿಟ್ಟು. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅಲ್ಲಿ ಬಿದ್ದ ಒಂದು ಗಾಯ ಮುಂದೆ ಹಾಕುವ ಪ್ರತಿಯೊಂದು ಪ್ಯಾಕಿಂಗ್ ಕೆಳಗೂ ಆಯಿಲ್‌ಗೆ ದಾರಿ ಮಾಡಿಕೊಡುತ್ತದೆ. ಮರದ ತುಂಡು ಇಟ್ಟು ಸುತ್ತಲೂ ತಟ್ಟಿದರೆ ಕವರ್ ತಾನೇ ಬಿಡುತ್ತದೆ. ಕವರ್ ಸರಿಯಾದ ಜಾಗಕ್ಕೆ ಕೂರಲು ಇರುವ ಎರಡು ಸಣ್ಣ ಡೋವೆಲ್ ಪಿನ್‌ಗಳು ಕವರ್ ಕಡೆಗೋ ಎಂಜಿನ್ ಕಡೆಗೋ ಉಳಿದಿರುತ್ತವೆ. ಅವು ಕೆಳಗೆ ಬಿದ್ದು ಕಳೆಯದಂತೆ ನೋಡಿಕೊಳ್ಳಿ.

ಮುಂದಿನ ಒಂದು ಗಂಟೆ ಹಳೆ ಪ್ಯಾಕಿಂಗ್ ಕೆರೆಯುವುದಕ್ಕೆ. ಇದೇ ಬೇಸರದ ಭಾಗ, ರಿಪೇರಿ ನಿಲ್ಲುವುದೋ ಬೀಳುವುದೋ ತೀರ್ಮಾನ ಆಗುವುದೂ ಇಲ್ಲೇ. ಡೀಸೆಲ್ ಸವರಿ ನೆನೆಯಲು ಬಿಡಿ. ಗಟ್ಟಿ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ, ಹಳೆ ಎಟಿಎಂ ಕಾರ್ಡ್ ಆದರೂ ಸರಿ. ಎಂಜಿನ್ ಕಡೆ ಕೆರೆಯುವಾಗ ಒಳಗೆ ಬಟ್ಟೆ ತುಂಬಿ, ಪುಡಿ ಒಂದು ಚೂರೂ ಒಳಗೆ ಬೀಳಬಾರದು. ಕೊನೆಗೆ ಬೆರಳಿನಿಂದ ಅಂಚಿನುದ್ದಕ್ಕೂ ಸವರಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಗೊತ್ತಾಗುತ್ತದೆ. ಕವರ್ ತೆಗೆದಿದ್ದೀರಲ್ಲ, ಅದರಲ್ಲೇ ಇರುವ ಕಿಕ್ಕರ್ ಶಾಫ್ಟ್ ಸೀಲ್‌ನ್ನೂ ಈಗಲೇ ಬದಲಾಯಿಸಿಬಿಡಿ.

ಹೊಸ ಪ್ಯಾಕಿಂಗ್‌ಗೆ ಒಂದು ಬದಿಯಲ್ಲಿ ಗ್ರೀಸ್ ಬೆರಳಿನಿಂದ ತೆಳ್ಳಗೆ ಸವರಿದರೆ ಅದು ಜಾಗದಲ್ಲೇ ನಿಲ್ಲುತ್ತದೆ, ಮುಂದಿನ ಸಲ ಹರಿಯದೆ ಬರುತ್ತದೆ. ಅನಾಬಾಂಡ್ (ಸಂದು ಮುಚ್ಚುವ ಅಂಟು) ಹಚ್ಚಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹೊಸ ಪ್ಯಾಕಿಂಗ್ ಇದ್ದು, ಎರಡೂ ಮುಖ ಶುದ್ಧವಾಗಿದ್ದರೆ ಬೇಕಿಲ್ಲ. ಹೊರಗೆ ಎಷ್ಟು ಅಂಟು ಉಕ್ಕಿ ಕಾಣುತ್ತದೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಆ ರಬ್ಬರ್ ಎಳೆ ಕಿತ್ತುಬಂದು ಆಯಿಲ್ ಜಾಲರಿಯಲ್ಲಿ ಅಥವಾ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಮೇಲಿನ ಕ್ಯಾಮ್‌ಗೆ ಆಯಿಲ್ ನಿಲ್ಲುತ್ತದೆ. ಹೊರಗಡೆಯಿಂದ ಸಂದಿಗೆ ಅಂಟು ಬಳಿಯುವುದಂತೂ ಬರೀ ಸಮಾಧಾನಕ್ಕೆ. ಜಿಡ್ಡಿನ ಮೇಲೆ ಅದು ಹಿಡಿಯುವುದೇ ಇಲ್ಲ.

ಕವರ್ ಕೈಯಿಂದಲೇ ಒತ್ತಿದರೆ ಸುತ್ತಲೂ ಸಮವಾಗಿ ಕೂರಬೇಕು. ಒಂದು ಕಡೆ ಸಂದು ಉಳಿದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ. ಕ್ಲಚ್ ಆರ್ಮ್ ಅಥವಾ ಡೋವೆಲ್ ಪಿನ್ ಎಲ್ಲೋ ತಡೆಯುತ್ತಿದೆ ಎಂದರ್ಥ, ತೆಗೆದು ಮತ್ತೆ ಕೂರಿಸಿ. ಬೋಲ್ಟ್‌ಗಳನ್ನು ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. 8 ಮಿ.ಮೀ. ಸ್ಪ್ಯಾನರ್ ಹಿಡಿಯುವ ಈ ಸಣ್ಣ ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ 10 ಸೆಂ.ಮೀ. ಉದ್ದದ ಹಿಡಿಯ ತುದಿಗೆ ಹತ್ತು ಕೆ.ಜಿ. ಭಾರ ಬಿಟ್ಟಷ್ಟು. ಹಿಡಿ 20 ಸೆಂ.ಮೀ. ಇದ್ದರೆ ಐದೇ ಕೆ.ಜಿ. ಉದ್ದದ ರ‍್ಯಾಚೆಟ್ ಹಿಡಿದು ಪೂರ್ತಿ ತೋಳಿನ ಬಲ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಬೋಲ್ಟ್ ಜೊತೆಗೇ ಈಚೆ ಬರುತ್ತದೆ. ಹಾಗೇನಾದರೂ ಆಗಿದ್ದರೆ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ (ತೂತಿನೊಳಗೆ ಕೂರುವ ತಂತಿ ಸುರುಳಿಯ ಹೊಸ ಥ್ರೆಡ್) ಹಾಕಿಸಿ ಥ್ರೆಡ್ ಮತ್ತೆ ಮಾಡಿಸಬಹುದು. ಬಿಗಿ ಎಷ್ಟಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಸಿಕ್ಕರೆ ಎರವಲಾದರೂ ತನ್ನಿ.

ಎಲ್ಲಿ ಕೈ ಹಾಕಬಾರದು

ಸಿಲಿಂಡರ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್ ಸೋರಿದರೆ ಟೈಮಿಂಗ್ ಚೈನ್ ಬಿಡಿಸಿ ಗುರುತು ಸರಿಯಾಗಿ ಕೂರಿಸಬೇಕು. ಅನುಭವ ಇದ್ದವರು ಪಕ್ಕದಲ್ಲಿದ್ದರೆ ಮಾಡಬಹುದು, ಮೊದಲ ಸಲ ಒಬ್ಬರೇ ಬೇಡ. ಕ್ರ್ಯಾಂಕ್‌ಕೇಸ್‌ನ ಎರಡು ಅರ್ಧಗಳ ನಡುವೆ ಸೋರಿಕೆ ಇದ್ದರೆ ಎಂಜಿನ್ ಕೆಳಗಿಳಿಸಿ ಪೂರ್ತಿ ಬಿಚ್ಚಲೇಬೇಕು. ಅದು ಒಳ್ಳೆಯ ಮೆಕ್ಯಾನಿಕ್‌ನ ಕೆಲಸ. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಒಣಗಿರಬೇಕಾದ ಬೈಕ್‌ನಲ್ಲಿ ಮ್ಯಾಗ್ನೆಟ್ ಕವರ್ ಒಳಗೆ ಆಯಿಲ್ ಕಂಡರೆ ಕ್ರ್ಯಾಂಕ್ ಸೀಲ್ ಹೋಗಿರುವ ಸಾಧ್ಯತೆ ಇದೆ. ಮ್ಯಾಗ್ನೆಟ್ ಎಳೆಯಲು ಪುಲ್ಲರ್ ಬೇಕೇ ಬೇಕು, ಸುತ್ತಿಗೆಯಿಂದ ಹೊಡೆದು ತೆಗೆಯುವ ಸಾಮಾನಲ್ಲ. ಈ ಮೂರರಲ್ಲೂ ನೀವು ಪೌಡರ್ ಹಾಕಿ ಹುಡುಕಿದ ಶ್ರಮ ವ್ಯರ್ಥವಾಗುವುದಿಲ್ಲ. ‘ಎಲ್ಲೋ ಸೋರುತ್ತಿದೆ ಅಣ್ಣಾ’ ಅನ್ನುವ ಬದಲು ‘ಇಲ್ಲಿಂದ ಬರ್ತಿದೆ ನೋಡಿ’ ಅಂತ ಬೆರಳಿಟ್ಟು ತೋರಿಸಬಹುದು. ಬಿಲ್‌ನಲ್ಲೂ ಅದರ ವ್ಯತ್ಯಾಸ ಕಾಣುತ್ತದೆ.

ಸೋರಿಕೆ ನಿಲ್ಲಲಿ ಅಂತ 10ಡಬ್ಲ್ಯು-30 ಎಂಬ ಗ್ರೇಡ್‌ನ ಆಯಿಲ್ ಬದಲು ದಪ್ಪ ಆಯಿಲ್ ಹಾಕುವ ಸಲಹೆಯೂ ಬರುತ್ತದೆ. ಹನಿ ಸ್ವಲ್ಪ ನಿಧಾನವಾಗಬಹುದು, ಸೀಲ್ ಸರಿಹೋಗುವುದಿಲ್ಲ. ಚಳಿಯ ಬೆಳಿಗ್ಗೆ ದಪ್ಪ ಆಯಿಲ್ ಹೆಡ್‌ಗೆ ಏರುವುದು ತಡವಾಗುತ್ತದೆ ಬೇರೆ. ಕಂಪನಿ ಹೇಳಿದ ಗ್ರೇಡ್ ಇರಲಿ, ಡಬ್ಬದ ಮೇಲೆ ಜಾಸೊ ಎಂಎ (ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಹೊಂದುವ ಬೈಕ್ ಆಯಿಲ್‌ನ ಜಪಾನಿ ಮಾನದಂಡ) ಗುರುತು ಇರಲಿ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಕಾರಣ, ಘರ್ಷಣೆ ಕಡಿಮೆ ಮಾಡುವ ಅಂಶ ಸೇರಿಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗುತ್ತದೆ.

ಕೆಲಸ ಮುಗಿದ ಮೇಲೆ ಆಯಿಲ್ ತುಂಬಿ, ಎಂಜಿನ್ ಐದು ನಿಮಿಷ ನಿಂತಲ್ಲೇ ಓಡಿಸಿ. ಅಂಚಿನುದ್ದಕ್ಕೂ ಬಿಳಿ ಕಾಗದದ ತುಂಡು ಒತ್ತಿ ನೋಡಿ. ಕ್ಲಚ್ ಕೇಬಲ್‌ನ ಆಟ ಸರಿ ಮಾಡಿ, ಹಿಂದಿನ ಬ್ರೇಕ್ ಹಿಡಿಯುತ್ತದಾ ಪರೀಕ್ಷಿಸಿ, ಆಮೇಲೆ ಒಂದು ಸುತ್ತು ಹೋಗಿ ಬನ್ನಿ. ಬಿಸಿ ಆರಿದ ಮೇಲೆ ಲೆವೆಲ್ ಇನ್ನೊಮ್ಮೆ ನೋಡಿ, ಒಂದು ವಾರ ದಿನಾ ಬೆಳಿಗ್ಗೆ ನೋಡುತ್ತಿರಿ. ಇಳಿಸಿದ ಹಳೆ ಆಯಿಲ್ ಕೊಳೆಯಾಗಿದ್ದರೆ ಚರಂಡಿಗೂ ತೋಟಕ್ಕೂ ಸುರಿಯಬೇಡಿ. ಬಳಸಿದ ಎಂಜಿನ್ ಆಯಿಲ್ ಭಾರತದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಚರ್ಮಕ್ಕೆ ಪದೇಪದೇ ತಾಗಿದರೆ ಕ್ಯಾನ್ಸರ್ ತರಬಲ್ಲದು. ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ. ಹಳೆ ಆಯಿಲ್‌ನ್ನು ಮುಚ್ಚಳ ಇರುವ ಕ್ಯಾನ್‌ಗೆ ತುಂಬಿಸಿ, ಬ್ಯಾರೆಲ್‌ನಲ್ಲಿ ಕೂಡಿಟ್ಟು ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.